ಸೋದರಮಾವನ ರಾಗಿ ಹೊಲದಲ್ಲಿ ಕಾಟ್ಸ್‌ವೋಲ್ಡ್ಸ್

ನಮ್ಮ ಯಜಮಾನರು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಆಸೆಪಟ್ಟು ಕೊಂಡ ರೋಡ್ ಸೈಕಲ್ಲನ್ನು ಓಡಿಸಿದ್ದು ಮೂರೇ ಭಾನುವಾರ. ನಾಲ್ಕನೆಯ ಭಾನುವಾರ ಅವರಿಗೆ ಬೆನ್ನುನೋವು ಬಂತು, ಐದನೆಯ ಭಾನುವಾರ ಸೈಕಲ್ಲು ಬಾಲ್ಕನಿಗೆ ಬಂತು. ಅದರ ಹ್ಯಾಂಡಲ್ ಮೇಲೆ ಒದ್ದೆ ಟವೆಲು ಒಣಗಲು ಶುರುವಾದ ದಿನ ನಾನು ಅದನ್ನು ಕೆಳಗಿಳಿಸಿದೆ. ಸೀಟು ತಗ್ಗಿಸಿಕೊಂಡು, ಅಟ್ಟೂರಿನ ನಮ್ಮ ಬಡಾವಣೆಯ ಸೈಕಲ್ ಗುಂಪಿಗೆ ಅವರ ಬದಲಿಗೆ ನಾನೇ ಸೇರಿದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ಬಿಗಿ ಪ್ಯಾಂಟು ಹಾಕಿಕೊಂಡು ಬೆಳಗಿನ ಆರಕ್ಕೆ ಹೊರಡುವುದನ್ನು ಎದುರು ಮನೆಯವರು ಹಾಲಿನ ಪ್ಯಾಕೆಟ್ ಕೈಯಲ್ಲಿ ಹಿಡಿದುಕೊಂಡೇ ನೋಡುತ್ತಿದ್ದರು.

ಗುಂಪಿನಲ್ಲಿ ನಾವು ಏಳು ಜನ. ನಾನೊಬ್ಬಳೇ ಹೆಂಗಸು. ಮುಂದಾಳನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಅವರು ಸೈನ್ಯದಲ್ಲಿದ್ದವರೇನಲ್ಲ, ಕಂಪನಿ ಕೆಲಸದ ಮೇಲೆ ಹದಿನಾಲ್ಕು ತಿಂಗಳು ಇಂಗ್ಲೆಂಡಿನಲ್ಲಿ ಇದ್ದು ಬಂದವರು. ಯಾವ ಮಾತು ಎತ್ತಿದರೂ ಮೂರನೆಯ ವಾಕ್ಯಕ್ಕೆ ಅದು ಇಂಗ್ಲೆಂಡಿಗೆ ಹೋಗಿ ಇಳಿಯುತ್ತಿತ್ತು. ಟೊಮೆಟೊ ತುಟ್ಟಿಯಾಯಿತು ಎಂದರೂ ಸರಿ, ಮಗುವಿಗೆ ಜ್ವರ ಎಂದರೂ ಸರಿ.

"ಅಲ್ಲಿ ಬೆಟ್ಟ ಅಂದ್ರೆ ನಮ್ಮ ಥರ ದಿಢೀರ್ ಅಂತ ಎದ್ದು ನಿಲ್ಲಲ್ಲ ಮೇಡಂ. ರೋಲಿಂಗ್. ಹಿಂಗೆ ಏಳತ್ತೆ, ಹಿಂಗೆ ಇಳಿಯತ್ತೆ," ಎಂದು ಅಂಗೈಯನ್ನು ಗಾಳಿಯಲ್ಲಿ ತೇಲಿಸಿ ತೋರಿಸುತ್ತಿದ್ದರು. ರಸ್ತೆಯ ಎರಡೂ ಬದಿ ಕಲ್ಲಿನ ಮೋಟುಗೋಡೆ, ಅದರಾಚೆ ಹಸಿರು, ಹಸಿರಿನ ಮೇಲೆ ಕುರಿ, ದಣಿವಾಗುವ ಹೊತ್ತಿಗೆ ಸರಿಯಾಗಿ ಒಂದು ಟೀ ಅಂಗಡಿ. ಅಲ್ಲಿಯ ಕುರಿಗಳು ಕೂಡ ಸೈಕಲ್ ಬಂದರೆ ಪಕ್ಕಕ್ಕೆ ಸರಿಯುತ್ತವಂತೆ. ಯಲಹಂಕದಲ್ಲಿ ಬಸ್ಸೇ ಸರಿಯುವುದಿಲ್ಲವಾದ್ದರಿಂದ ನಮಗೆಲ್ಲ ಆ ಕುರಿಗಳ ಮೇಲೆ ಅಪಾರ ಗೌರವ ಹುಟ್ಟಿತು.

ಕೊನೆಗೆ ಅವರೇ ಒಂದು ಇಂಗ್ಲೆಂಡನ್ನು ಹುಡುಕಿದರು. ಎರಡು ವಾರ ಮೊಬೈಲಿನ ಮ್ಯಾಪಿನಲ್ಲಿ ಬೆರಳಾಡಿಸಿ, ರಾಜಾನುಕುಂಟೆ ದಾಟಿ, ಹೆಸರಘಟ್ಟದ ಹುಲ್ಲುಗಾವಲಿನ ಅಂಚು ಹಿಡಿದು ಸುತ್ತಿ ಬರುವ ಒಂದು ದಾರಿ ಕಂಡುಹಿಡಿದು, ಅದಕ್ಕೆ ಇಂಗ್ಲೆಂಡಿನ ಆ ಗುಡ್ಡಗಳ ಸೀಮೆಯ ಹೆಸರನ್ನೇ ಎತ್ತಿಕೊಂಡು ಕಾಟ್ಸ್‌ವೋಲ್ಡ್ಸ್ ಲೂಪ್ ಎಂದು ಹೆಸರಿಟ್ಟರು. ಹೆಸರಿಡುವುದು ಅಷ್ಟಕ್ಕೇ ನಿಲ್ಲಲಿಲ್ಲ. ಕ್ವಾರಿ ಪಕ್ಕದ ಏರು ವಿಂಡ್‌ಮಿಲ್ ಹಿಲ್ ಆಯಿತು. ಅಲ್ಲಿ ಇರುವುದು ಮೊಬೈಲ್ ಟವರು. ಆಲದ ಕಟ್ಟೆಯ ಬಳಿ ಇಡ್ಲಿ ಮಾರುವ ಹೆಂಗಸಿನ ಜಾಗ ಟೀ ರೂಮ್ ಆಯಿತು. ಅವಳ ಬಳಿ ಟೀ ಇರಲಿಲ್ಲ. ಒಂದು ಗಾಡಿ ಜಾಡಿಗೆ ಶೀಪ್ ಲೇನ್ ಎಂದರು. ಗುಂಪಿನವರು ಒಂದೇ ವಾರದಲ್ಲಿ ಎಲ್ಲ ಹೆಸರನ್ನೂ ಬಾಯಿಪಾಠ ಮಾಡಿದರು. ನನ್ನ ಹತ್ತನೆಯ ತರಗತಿಯ ಮಕ್ಕಳು ಪ್ರಮೇಯಗಳನ್ನು ಇದರ ಅರ್ಧ ಶ್ರದ್ಧೆಯಿಂದ ಕಲಿತಿದ್ದರೂ ಸಾಕಿತ್ತು.

ಆ ಶೀಪ್ ಲೇನ್ ನನ್ನ ಸೋದರಮಾವನ ಹೊಲದ ದಾರಿ.

ಅದು ನಮ್ಮ ತಾಯಿಯ ತವರೂರು. ನಾವು ಅದನ್ನು ಹುಣಸೆಮರದ ದಾರಿ ಎನ್ನುತ್ತಿದ್ದೆವು. ಬೇಸಿಗೆ ರಜೆಯಲ್ಲಿ ಮಾವನ ದೊಡ್ಡ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ನಾನು ಸೈಕಲ್ ಕಲಿತಿದ್ದೂ, ಮೊಣಕಾಲು ಕೆತ್ತಿಕೊಂಡಿದ್ದೂ ಅಲ್ಲೇ. ಮೊದಲ ಭಾನುವಾರವೇ ಹೇಳಬೇಕೆಂದುಕೊಂಡೆ. ಆದರೆ ಕ್ಯಾಪ್ಟನ್ ಸೈಕಲ್ ನಿಲ್ಲಿಸಿ, ಎರಡೂ ಕೈ ಚಾಚಿ, "ಶೀಪ್ ಲೇನ್" ಎಂದಾಗ ಉಳಿದವರ ಮುಖದಲ್ಲಿ ಗರ್ಭಗುಡಿಯ ಮುಂದೆ ನಿಂತ ಭಕ್ತಿ ಇತ್ತು. ಆ ಹೊತ್ತಿನಲ್ಲಿ, ಇಲ್ಲಿ ನಾವು ಗೊಬ್ಬರದ ಮಂಕರಿ ಹೊರುತ್ತಿದ್ದೆವು ಎನ್ನಲು ನಾಲಿಗೆ ಏಳಲಿಲ್ಲ. ಎರಡನೆಯ ವಾರ ಹೇಳಿದರೆ ಮೊದಲ ವಾರ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ. ಹೀಗೆ ತಿಂಗಳುಗಳು ಕಳೆದವು. ನಿಜ ಹೇಳಬೇಕೆಂದರೆ ನನಗೂ ಅದು ಹಿತವಾಗಿಯೇ ಇತ್ತು. ಸೋಮವಾರ ಸ್ಟಾಫ್ ರೂಮಿನಲ್ಲಿ "ನಿನ್ನೆ ಕಾಟ್ಸ್‌ವೋಲ್ಡ್ಸ್ ಮುಗಿಸ್ದೆ" ಎಂದು ನಾನೂ ಹೇಳಿದ್ದೇನೆ. ಸಮಾಜ ವಿಜ್ಞಾನದ ಮೇಡಂ ಅದು ಯಾವುದೋ ವೆಬ್ ಸೀರೀಸ್ ಎಂದುಕೊಂಡು, ಕೊನೆಗೆ ಏನಾಯಿತು ಎಂದು ಕೇಳಿದ್ದರು.

ರಾಗಿ ಕೊಯ್ಲಿನ ಕಾಲದ ಒಂದು ಭಾನುವಾರ ನಾವು ಹೋಗುವಾಗ ಶೀಪ್ ಲೇನಿಗೆ ಅಡ್ಡಲಾಗಿ ಜಾಲಿ ಮುಳ್ಳಿನ ಕೊಂಬೆಗಳನ್ನು ಎಳೆದು ಹಾಕಿದ್ದರು. ದನಕರು ನುಗ್ಗದಿರಲಿ ಎಂದು ಹಾಕುವ ಬೇಲಿ ಅದು. ನನಗೆ ಚೆನ್ನಾಗಿ ಗೊತ್ತಿತ್ತು. ಕ್ಯಾಪ್ಟನ್ ಗ್ಲೌಸ್ ಸರಿಮಾಡಿಕೊಂಡರು.

"ಇಂಗ್ಲೆಂಡಲ್ಲೂ ಹೊಲಕ್ಕೆ ಗೇಟ್ ಇರತ್ತೆ. ತೆಗೀಬೇಕು, ಒಳಗೆ ಹೋಗ್ಬೇಕು, ಮತ್ತೆ ಹಾಕ್ಬೇಕು. ಅಷ್ಟೇ ರೂಲ್ಸ್," ಎಂದು ಮುಳ್ಳು ಸರಿಸಿದರು. ಏಳು ಜನವೂ ಒಳಗೆ ಹೋದೆವು. ಮತ್ತೆ ಮುಳ್ಳು ಹಾಕಿದೆವು. ಆ ಮಟ್ಟಿಗೆ ಇಂಗ್ಲೆಂಡಿಗೆ ನಾವು ಮೋಸ ಮಾಡಲಿಲ್ಲ.

ಐವತ್ತು ಮಾರು ಹೋಗುವಷ್ಟರಲ್ಲಿ ಮೊದಲ ಟೈರು ಉಸ್ಸೆಂದಿತು. ನಂತರ ಎರಡು, ಮೂರು. ಕೊಯ್ದ ರಾಗಿಯನ್ನು ದಾರಿಯ ಮೇಲೂ ಸಾಲಾಗಿ ಹರಡಿದ್ದರು. ಅದರ ಮೇಲೆಯೇ ಸೈಕಲ್ಲುಗಳನ್ನು ಮಲಗಿಸಿ ಟ್ಯೂಬ್ ಬದಲಿಸುತ್ತಿರುವಾಗ ಒಂದು ದೊಡ್ಡ ಬಿಳಿ ಕಾರು ಬಂದು ನಿಂತಿತು. ಇಳಿದವರು ನನ್ನ ಮಾವ. ಲುಂಗಿ, ಕೊರಳಲ್ಲಿ ಚಿನ್ನದ ಚೈನು, ಕೈಯಲ್ಲಿ ಎರಡು ಫೋನು.

ನಾನು ಹೆಲ್ಮೆಟ್ಟು, ಕಪ್ಪು ಕನ್ನಡಕ, ಮೂಗಿನವರೆಗೆ ಬಟ್ಟೆ ಹಾಕಿಕೊಂಡಿದ್ದೆ. ತಕ್ಷಣ ಬಗ್ಗಿ, ಏನೂ ಆಗದ ನನ್ನ ಟೈರನ್ನು ಒತ್ತಿ ಒತ್ತಿ ನೋಡತೊಡಗಿದೆ.

"ಯಾರ್ರೀ ನೀವು? ಮುಳ್ ತೆಗೀರಿ ಅಂತ ಯಾರ್ ಏಳಿದ್ದು?"

"ಸರ್, ನಾವು ಸೈಕ್ಲಿಸ್ಟ್ಸ್," ಎಂದರು ಕ್ಯಾಪ್ಟನ್. "ಮತ್ತೆ ಮುಚ್ಚೇ ಬಂದಿದೀವಿ. ಇಂಗ್ಲೆಂಡಲ್ಲಿ ಹೊಲದ ಮಧ್ಯೆ ಹಾದು ಹೋಗೋಕೆ ಪಬ್ಲಿಕ್ಕಿಗೆ ಹಕ್ಕಿದೆ ಸರ್. ಕಾನೂನೇ ಇದೆ."

"ಅಂಗಾರೆ ಇಂಗ್ಲೆಂಡಾಗೆ ಓಗ್ಬೇಕಾಗಿತ್ತು. ಇಲ್ಗ್ಯಾಕ್ ಬಂದ್ರಿ? ಅಲ್ಲಿ ಕುಯ್ದಿರೋ ರಾಗಿ ಮ್ಯಾಲೆ ಸೈಕಲ್ ಮನಗ್ಸಿದ್ರೆ ಸುಮ್ಕಿರ್ತಾರಾ?"

ಕ್ಯಾಪ್ಟನ್ ನಿಜಕ್ಕೂ ಯೋಚಿಸಿದರು. "ಅಲ್ಲಿ ರಾಗಿ ಬೆಳೆಯಲ್ಲ ಸರ್."

ಮಾವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇವರ ಜೊತೆ ಮಾತು ದಂಡವೆಂದು ತಿಳಿದು ಆಚೀಚೆ ಕಣ್ಣಾಡಿಸಿದರು. "ಆ ಎಣ್ಮಗ್ಳು ಯಾಕಂಗ್ ಬಗ್ಗವ್ಳೆ? ಉಸಾರಿಲ್ವೇನೋ. ಯಾರಾನ ನೀರ್ ಕೊಡ್ರಪ್ಪಾ."

ಬೈದಿದ್ದರೆ ಕೊನೆಯವರೆಗೂ ಬಗ್ಗಿಯೇ ಇರುತ್ತಿದ್ದೆನೇನೋ. ನೀರು ಎಂದ ಮೇಲೆ ಆಗಲಿಲ್ಲ. ಎದ್ದು ಕನ್ನಡಕ ತೆಗೆದೆ. "ಮಾವ, ನಾನೇ."

ಅವರು ಹತ್ತಿರ ಬಂದರು. ಆಮೇಲೆ ಮೆಲ್ಲಗೆ ಹೇಳಿದರು: "ಯಾರೋ ಗೊತ್ತಿಲ್ದೋರು ನುಗ್ಗವ್ರೆ ಅಂದ್ಕಂಡಿದ್ದೆ ಕಣವ್ವ. ನೀನು ಗೊತ್ತಿದ್ದೂ ನುಗ್ಗಿದ್ಯಾ."

ನಾನು ರಾಗಿಯ ಮೇಲಿಂದ ನನ್ನ ಸೈಕಲ್ಲನ್ನು ಎತ್ತಿ ಪಕ್ಕಕ್ಕೆ ನಿಲ್ಲಿಸಿದೆ. ಕ್ಯಾಪ್ಟನ್ ನನ್ನ ಕಡೆ ತಿರುಗಿ, "ಇದು ನಿಮ್ಮೂರಾ ಮೇಡಂ? ಇಷ್ಟು ದಿನ ಹೇಳ್ಲೇ ಇಲ್ವಲ್ಲ," ಎಂದರು. ಈ ಊರಿಗೆ ಮೊದಲೇ ಒಂದು ಹೆಸರಿದೆಯೇ ಎಂದು ಅವರೂ ಒಂದು ದಿನ ಕೇಳಿರಲಿಲ್ಲ.

ನೆಂಟಳ ಜೊತೆ ಬಂದವರೆಂದು ಮಾವ ಎಲ್ಲರನ್ನೂ ಮನೆಗೆ ಕರೆದರು. ಅತ್ತೆ ಉಪ್ಪಿಟ್ಟು, ಕಾಫಿ ಕೊಟ್ಟರು. ಕ್ಯಾಪ್ಟನ್ ಒಂದೊಂದು ತುತ್ತಿಗೂ "ಆಥೆಂಟಿಕ್" ಎಂದರು. ಅತ್ತೆ ಉಪ್ಪು ಕಡಿಮೆಯಾಯಿತೇನೋ ಎಂದು ಉಪ್ಪಿನ ಡಬ್ಬಿ ತಂದಿಟ್ಟರು. ಆಮೇಲೆ ಕ್ಯಾಪ್ಟನ್ ಫೋನ್ ತೆಗೆದು ಇಂಗ್ಲೆಂಡಿನ ಫೋಟೊ ತೋರಿಸಿದರು. ನಾವೆಲ್ಲ ನೂರು ಸಲ ನೋಡಿದ್ದ ಅದೇ ಗುಡ್ಡ, ಅದೇ ಕಲ್ಲುಗೋಡೆ, ಅದೇ ಕುರಿ. ಮಾವ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು.

"ಈ ಜಾಗುಕ್ಕೆ ಏನಂತಾರೆ?"

"ಕಾಟ್ಸ್‌ವೋಲ್ಡ್ಸ್."

"ಸ್ಯಾನೆ ಜನುಕ್ಕೆ ಇಷ್ಟವಾ ಇದು?"

"ಪ್ರಾಣ ಬಿಡ್ತಾರೆ ಸರ್."

"ಅಂಗಾರೆ ಒಂದು ಚೀಟಿನಾಗೆ ಬರ್ಕೊಡಿ. ಇಂಗ್ಲಿಷ್ನಾಗೇ ಬರೀರಿ."

ಕ್ಯಾಪ್ಟನ್ ಒಂದು ಮದುವೆ ಕಾರ್ಡಿನ ಹಿಂದೆ ದಪ್ಪಕ್ಷರದಲ್ಲಿ ಬರೆದುಕೊಟ್ಟರು. ಹಳ್ಳಿಯವರಿಗೂ ಎಷ್ಟು ಕುತೂಹಲ ನೋಡಿ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದರು. ಮಾವ ಆ ಹೊತ್ತಿಗಾಗಲೇ ಎರಡು ಲೇಔಟು ಮಾಡಿ ಮುಗಿಸಿದ್ದರೆಂದು ನನಗೆ ಗೊತ್ತಿತ್ತು. ಆದರೂ ಆ ಚೀಟಿ ಯಾಕೆಂದು ಹೊಳೆಯಲಿಲ್ಲ.

ಸಂಕ್ರಾಂತಿ ಕಳೆದು ನಾನು ಅತ್ತೆಯನ್ನು ನೋಡಲು ಹೋದಾಗ ರಾಗಿ ಹೊಲ ಇರಲಿಲ್ಲ. ಸಮ ಮಾಡಿದ ಕೆಂಪು ನೆಲ, ಸುಣ್ಣದ ಗೆರೆ, ಬಣ್ಣ ಬಳಿದ ಕಲ್ಲು. ಮುಂದೆ ಒಂದು ಕಮಾನು, ಕಮಾನಿನ ಮೇಲೆ ಚಿನ್ನದ ಬಣ್ಣದ ಅಕ್ಷರದಲ್ಲಿ ಆ ಹೆಸರು. ಅದರ ಎರಡೂ ಬದಿಗೆ ಸಿಮೆಂಟಿನ ಎರಡು ಕುರಿ.

"ಕಾಟ್ ಸೋಲ್ಡ್," ಎಂದು ಮಾವ ತೃಪ್ತಿಯಿಂದ ಓದಿ ತೋರಿಸಿದರು.

"ಸೋಲ್ಡ್ ಅಲ್ಲ ಮಾವ."

"ಸೋಲ್ಡೇ ಇರ್ಲಿ ಬಿಡವ್ವ. ಎಸ್ರು ಏಳಿ ಮುಗ್ಸೋ ಒತ್ಗೆ ಸೈಟು ಮಾರೋಗಿರ್ತದೆ." ಆಮೇಲೆ, ನನ್ನ ಮುಖ ನೋಡಿಯೋ ಏನೋ, ಹೇಳಿದರು: "ನಾವು ರಾಗಿ ಬೆಳ್ದಾಗ ಈ ಕಡೆ ಒಬ್ರೂ ತಿರುಗ್ ನೋಡ್ನಿಲ್ಲ. ಇಂಗ್ಲೆಂಡ್ ಅಂದ್ರೆ ಮುಳ್ ತುಳ್ಕಂಡ್ ಬತ್ತವ್ರೆ. ನಾನೇನ್ ಮಾಡ್ಲಿ?"

ಮೊದಲ ಸೈಟು ಕೊಂಡವರು ಕ್ಯಾಪ್ಟನ್. ಪೂರ್ವ ದಿಕ್ಕಿನ ಮೂಲೆ ಸೈಟು. ಗುಂಪಿಗೆಲ್ಲ ಮೈಸೂರ್‌ಪಾಕ್ ಹಂಚಿ, ಇದು ಋಣಾನುಬಂಧ ಎಂದರು. ನಿವೇಶನದಾರರ ಸಂಘ ಆದಾಗ ಕಾರ್ಯದರ್ಶಿಯೂ ಅವರೇ ಆದರು. ಸಂಘದ ಮೊದಲ ತೀರ್ಮಾನವನ್ನು ಗೇಟಿನ ಮೇಲೆ ಎರಡು ಭಾಷೆಯಲ್ಲಿ ಬರೆಸಿದರು: ಹೊರಗಿನ ಸೈಕಲ್ ಸವಾರರಿಗೆ ಪ್ರವೇಶವಿಲ್ಲ. ನಾನು ಫೋನ್ ಮಾಡಿ, ಹೊಲದ ನಡುವೆ ಹಾದು ಹೋಗುವ ಹಕ್ಕು ಏನಾಯಿತೆಂದು ಕೇಳಿದೆ.

"ಮೇಡಂ, ಅಲ್ಲೂ ಪ್ರೈವೇಟ್ ಎಸ್ಟೇಟ್ ಅಂತ ಇರತ್ತೆ. ಅದೂ ಕಾನೂನೇ," ಎಂದರು.

ಮಾವ, ಅತ್ತೆ ಈಗ ಆ ಲೇಔಟಿನೊಳಗೇ ಮನೆ ಕಟ್ಟಿಕೊಂಡಿದ್ದಾರೆ. ಹೋದ ತಿಂಗಳು ಸೈಕಲ್ಲಿನಲ್ಲಿ ಹೋದೆ. ಗೇಟಿನ ಸೆಕ್ಯುರಿಟಿಯವರು ತಡೆದು ಕಾರ್ಯದರ್ಶಿಗೆ ಫೋನ್ ಮಾಡಿದರು. "ನಮ್ಮ ಮೇಡಂ, ಬಿಡಿ. ಸೈಕಲ್ ಮಾತ್ರ ಹೊರಗೇ ಇರ್ಲಿ," ಎಂಬ ದನಿ ಫೋನಿನಿಂದ ನನಗೂ ಕೇಳಿಸಿತು. ಕುರಿಯ ಪಕ್ಕ ಸೈಕಲ್ ನಿಲ್ಲಿಸಿ ನಡೆದುಕೊಂಡು ಹೋದೆ.

ಅತ್ತೆ ಹುರುಳಿಕಾಳು ಆರಿಸುತ್ತಾ ಕೂತಿದ್ದರು. ನಿಮ್ಮೋರೆಲ್ಲ ಈಗ ಯಾವ ಕಡೆ ಹೋಗ್ತಾರೆ ಎಂದು ಕೇಳಿದರು. ನಂದಿ ಬೆಟ್ಟದ ತಪ್ಪಲಿನ ಕಡೆ ಹೊಸ ದಾರಿ ಹುಡುಕಿದ್ದಾರೆ, ಅದಕ್ಕೆ ಟಸ್ಕನಿ ಎಂದು ಹೆಸರಿಟ್ಟಿದ್ದಾರೆ ಎಂದೆ.

"ಅದ್ಯಾವೂರವ್ವ?"

"ಇಟಲೀಲಿದೆಯಂತೆ. ಬರೀ ದ್ರಾಕ್ಷಿ ತೋಟ."

ಅತ್ತೆ ಕಾಳಿನಿಂದ ಒಂದು ಕಲ್ಲು ತೆಗೆದು ಪಕ್ಕಕ್ಕೆ ಇಟ್ಟರು. "ಅಲ್ಲಿ ಯಾರ್ ತೋಟ ಐತೋ, ಪಾಪ," ಎಂದರು.