ಓಡಿ ಹೋದಳು ಅಂದ ಬಾಯಿ

ಇವತ್ತು ಬೆಳಗ್ಗೆ ನಿಂಬೆಹಣ್ಣು ಹಿಂಡುತ್ತಿದ್ದೆ. ಕೈಗೆ ಹತ್ತಿದ ಆ ವಾಸನೆ ಸೋಪು ಹಾಕಿ ತೊಳೆದರೂ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಈಗ ಭಾನುವಾರವೆಂದರೆ ಇದೇ ವಾಸನೆ. ನಿಂಬೆರಸಕ್ಕೆ ಉಪ್ಪು ಬೆಲ್ಲ ಕದಡಿ, ಬಾಟಲಿಗೆ ಸುರಿದು ಅಲ್ಲಾಡಿಸುತ್ತಿದ್ದರೆ ಹೆಂಡತಿ ಒಳಗಿನಿಂದ ಕೇಳುತ್ತಾಳೆ: "ಏನ್ರೀ, ನಿಮ್ಮ ಬಾಯಿ ತೊಳಿಯೋದು ಇನ್ನೂ ಮುಗಿಲಿಲ್ಲೇನು?" ಅವಳು ಹೇಳುವುದು ಹಲ್ಲುಜ್ಜುವ ವಿಷಯವಲ್ಲ. ಏನೆಂದು ನಿಮಗೂ ಹೇಳಿಬಿಡುತ್ತೇನೆ. ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ. ನನಗೇನೂ ಹಾಗಾಗಿಲ್ಲ, ಆದರೂ ಹೇಳುತ್ತೇನೆ.

ಶಿಕಾರಿಪುರದ ಹತ್ತಿರ, ಅಂಜನಾಪುರದ ಕಾಲುವೆ ನೀರಿನಲ್ಲಿ ಬತ್ತ ಬೆಳೆಯುವ ಊರು ನಮ್ಮದು. ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಕಿರಾಣಿ ಅಂಗಡಿಯ ಗಲ್ಲಾದ ಮುಂದೆ ಕೂತವನು, ಮಂಡಿ ಹಿಡಿದುಕೊಂಡ ಮೇಲೆ ಎದ್ದೆ. ಪೂರಾ ಕೂತು ಕಳೆದ ಬದುಕು. ನಾನೊಬ್ಬನೇ ಅಲ್ಲ, ನಮ್ಮ ಕಡೆ ದೊಡ್ಡವರು ಯಾರೂ ಸುಮ್ಮನೆ ಓಡುವುದಿಲ್ಲ. ಓಡಿದರೆ ಹಾವು ಕಚ್ಚಿರಬೇಕು, ಹೋರಿ ಹಗ್ಗ ಹರಿದಿರಬೇಕು, ಇಲ್ಲವೇ ಬಸ್ಸು ಹೊರಟಿರಬೇಕು.

ಹೀಗಿರುವಾಗ ಕುರಿ ಸಾಕುವ ಮೈಲಾರಪ್ಪನ ಮಗಳು ರೇಣುಕಾ, ಶಿಕಾರಿಪುರಕ್ಕೆ ಕಾಲೇಜಿಗೆ ಹೋಗುವ ಹುಡುಗಿ, ದೂರದ ಓಟದ ಅಭ್ಯಾಸವೆಂದು ಕಾಲುವೆ ಏರಿಯ ಮೇಲೆ ಓಡಲು ಶುರುಮಾಡಿದಳು. ಗದ್ದೆಯಲ್ಲಿದ್ದವರು ಕುಡುಗೋಲು ಬಿಟ್ಟು "ಏನಾತವ್ವಾ?" ಎಂದು ಕೂಗುತ್ತಿದ್ದರು. ಬೈಕಿನವರು ನಿಲ್ಲಿಸಿ "ಹತ್ತು, ಬಿಡ್ತೀನಿ" ಅನ್ನುತ್ತಿದ್ದರು. ಕಂಡಕ್ಟರೊಬ್ಬ ಬಸ್ಸಿನ ಬಾಗಿಲಲ್ಲಿ ನೇತಾಡಿ, "ಹೆಂಗಸರಿಗೆ ಫ್ರೀ ಬಿಟ್ಟೈತಲ್ಲವ್ವಾ, ಮತ್ಯಾಕ ಓಡ್ತಿ?" ಅಂದನಂತೆ.

ಆದರೆ ಆ ಓಟ ನೀವು ನೋಡಬೇಕು. ಅವಳಪ್ಪ ಕುರಿಗಳ ಹಿಂದೆ ನಡೆಯುವ ನಡಿಗೆಯೇ ಸ್ವಲ್ಪ ಚುರುಕಾದ ಹಾಗೆ. ಅವಸರವಿಲ್ಲ, ನಿಲ್ಲುವುದೂ ಇಲ್ಲ. ಹೆಗಲ ಮೇಲೆ ಕಂಬಳಿ ಹಾಕಿದ್ದರೂ ಜಾರುತ್ತಿರಲಿಲ್ಲ.

ಒಂದು ದಿನ ಅವಳು ಮೊದಲ ಸಲ ಬಳ್ಳಿಗಾವಿಯ ತನಕ ಓಡುತ್ತೇನೆಂದು ಹೊರಟಳು. ಹೊರಟದ್ದನ್ನು ಕಣ್ಣಾರೆ ಕಂಡಿದ್ದೆ. ಆಮೇಲೆ ಬಸಣ್ಣನ ಹೋಟೆಲಿನಲ್ಲಿ ಚಹಾಕ್ಕೆ ಕೂತಾಗ ಬಸಣ್ಣ, "ಮೈಲಾರಪ್ಪನ ಮಗಳು ಡೇರಿಗೆ ಹಾಲು ತರಲಿಲ್ಲಲ್ರೀ ಇವತ್ತು" ಅಂದ.

"ಓಡಿ ಹೋದಳಲ್ಲೋ" ಅಂದೆ.

ಗೊತ್ತಿದ್ದೇ ಅಂದೆ. ನಮ್ಮ ಮಾತಿನಲ್ಲಿ ಒಂದು ಹುಡುಗಿ ಓಡಿ ಹೋದಳು ಅಂದರೆ ಅದು ಕಾಲಿನ ವಿಷಯವಲ್ಲವೆಂದು ಯಾರಿಗೆ ಗೊತ್ತಿಲ್ಲ?

ಬಸಣ್ಣನ ಕೈಯ ಸೌಟು ನಿಂತಿತು. "ಯಾರ ಜೋಡಿ?"

ಒಬ್ಬಳೇ ಅನ್ನಬಹುದಿತ್ತು. ಒಂದು ಶಬ್ದ. ಆದರೆ ಬೆಂಚಿನವರೆಲ್ಲ ನನ್ನ ಕಡೆ ತಿರುಗಿದ್ದರು. ಅಂಗಡಿ ಬಿಟ್ಟ ಮೇಲೆ ಅಷ್ಟು ಗಿರಾಕಿ ನನಗೆ ಒಟ್ಟಿಗೆ ಸಿಕ್ಕಿರಲಿಲ್ಲ. "ಅದು ನಾ ಹೆಂಗ ಹೇಳ್ಲಿ? ಹೊಸಾ ಬೂಟು ಹಾಕ್ಕೊಂಡಿದ್ಲಪ್ಪ" ಅಂದು ಚಹಾವನ್ನು ಸಾಸರಿಗೆ ಸುರಿದುಕೊಂಡೆ. ಬಹಳ ಮಂದಿ ನಕ್ಕರು. ಇಬ್ಬರು ನಗದೆ ಎದ್ದು ಹೋದರು. ನಾನು ನೋಡಬೇಕಾಗಿದ್ದದ್ದು ಆ ಇಬ್ಬರನ್ನು.

ನನ್ನ ಚಹಾ ಆರುವ ಮೊದಲೇ ಮಾತು ಕುರಿ ಮೇಯುವಲ್ಲಿಗೆ ಮುಟ್ಟಿತ್ತು. ಮೈಲಾರಪ್ಪ ಕುರಿಗಳನ್ನು ಕಂಡವರ ಹೊಲದಲ್ಲಿ ಬಿಟ್ಟು ಓಡಿದ. ಅವಳ ಸೋದರಮಾವಂದಿರು ಬೈಕು ಹತ್ತಿದರು. ಬಳ್ಳಿಗಾವಿಯ ಗುಡಿಯ ಕಟ್ಟೆಯ ಮೇಲೆ ಅವಳು ಬೂಟು ಬಿಚ್ಚಿ ಪಾದ ಒತ್ತಿಕೊಳ್ಳುತ್ತ ಕೂತಿದ್ದಳಂತೆ. ಮಾವಂದಿರನ್ನು ಕಂಡು ನಕ್ಕಳಂತೆ, ತಾನು ಮುಟ್ಟಿದ್ದನ್ನು ನೋಡಲು ಬಂದಿದ್ದಾರೆಂದು. ಆ ನಗು ನಾನು ನೋಡಿದ್ದಲ್ಲ, ಕೇಳಿದ್ದು. ಆದರೂ ಚುಚ್ಚುತ್ತದೆ. ಇಬ್ಬರ ನಡುವೆ ಬೈಕಿನ ಮೇಲೆ ಕೂರಿಸಿಕೊಂಡು ಬಂದರು. ಬೂಟು ಅಟ್ಟ ಸೇರಿತು. ಕಾಲೇಜಿನ ಆಯ್ಕೆಯ ಓಟ ಹತ್ತಿರದಲ್ಲೇ ಇತ್ತು. ಅದೂ ಬೇಡವೆಂದರು.

ಕೆಲವು ದಿನ ಆ ಬೀದಿಯನ್ನೇ ತಪ್ಪಿಸಿ ತಿರುಗಾಡಿದೆ. ಕೊನೆಗೆ ಹೋದೆ. ಮೈಲಾರಪ್ಪ ಅಂಗಳದಲ್ಲಿ ಕುರಿಯ ಉಣ್ಣೆ ಕತ್ತರಿಸುತ್ತಿದ್ದ. ಎಲ್ಲ ಹೇಳಿ, "ನಗಾಕ ಅಂದೆ ಮೈಲಾರಪ್ಪಾ, ತಪ್ಪಾತು" ಅಂದೆ. ಅವನ ಕತ್ತರಿ ನಿಲ್ಲಲಿಲ್ಲ.

"ಓಡಿ ಹೋದಳು ಅಂತ ಊರಿಗೆ ಹೇಳಿದವರು ನೀವು. ಓಡಿ ಬಂದಳು ಅಂತ ಹೇಳೋರು ಯಾರ್ರೀ?"

ಉತ್ತರವನ್ನೂ ಅವನೇ ಕೊಟ್ಟ: "ಮಗಳನ್ನ ಓಡಾಕ ಬಿಡ್ತೀನಿ. ಗಾಡಿ ತಗೊಂಡು ನೀವು ಹಿಂದ ಹೋಗ್ರೀ. ತಿರುಗಿ ಬಂದು ಅದೇ ಹೋಟ್ಲಾಗ, ಅದೇ ಬೆಂಚಿನ ಮ್ಯಾಲೆ ಕೂತು ಹೇಳ್ರೀ, ಓಡಿ ಬಂದಳು ಅಂತ. ಪ್ರತಿ ಸಲ."

ಹೊಸ್ತಿಲಲ್ಲಿ ನಿಂತಿದ್ದ ರೇಣುಕಾ ನನ್ನ ಮುಖ ನೋಡದೆ ಅಪ್ಪನಿಗೆ ಹೇಳಿದಳು: "ಹಿಂದ ಬರ್ಲಿ, ಮುಂದ ಬ್ಯಾಡ. ಆ ಗಾಡಿ ಹೊಗಿ ಕುಡಿಯಾಕ ಆಗಂಗಿಲ್ಲ."

ಹೀಗೆ, ಅಂಗಡಿಗೆ ಸಕ್ಕರೆ ಚೀಲ ಹೊರುತ್ತಿದ್ದ ನನ್ನ ಮೊಪೆಡ್ ನಿಂಬೆನೀರು ಹೊರಲು ಹೊರಟಿತು. ಹಿಂದಿನಿಂದ ನೋಡುತ್ತ ನೋಡುತ್ತ ಕಲಿತೆ. ದಣಿದಾಗ ಅವಳ ವೇಗ ತಗ್ಗುವುದಿಲ್ಲ, ಎಡಗೈ ಮಾತ್ರ ಮುಷ್ಟಿಯಾಗುತ್ತದೆ. ಏರು ಬಂದರೆ ತಲೆಯೆತ್ತಿ ಅದರ ತುದಿ ನೋಡುವುದಿಲ್ಲ, ಮುಂದಿನ ಹೆಜ್ಜೆಯ ನೆಲ ನೋಡುತ್ತಾಳೆ. ಬಾಟಲಿ ತೆಗೆದುಕೊಳ್ಳುತ್ತಾಳೆ, ಕುಡಿದು ಕೊಡುತ್ತಾಳೆ. ಮಾತಿಲ್ಲ. ಹೋಟೆಲಿನಲ್ಲಿ ನಾನು "ಓಡಿ ಬಂದಳು" ಅಂದಾಗ ಮೊದಮೊದಲು, "ನೀವೂ ಓಡಿದ್ರೇನ್ರೀ ಸಾವಕಾರ್ರೇ?" ಎಂದು ನಗುತ್ತಿದ್ದರು. ಆಯ್ಕೆಯ ಓಟ ಗೆದ್ದ ಮೇಲೆ ನಗು ನಿಂತಿತು. ಈಗ ಇನ್ನೂ ದೊಡ್ಡ ಓಟಕ್ಕೆ ತಯಾರಿ ನಡೆದಿದೆ.

ಹೋದ ಭಾನುವಾರ ಏರಿಳಿತದ ದಾರಿ ಬೇಕೆಂದು ಸೊರಬದಿಂದ ಅದೇ ಸೀಮೆಯ ಉಳವಿಗೆ ಓಡಲು ಹೋದಳು. ಸೊರಬದ ತನಕ ಅವಳು ಫ್ರೀ ಬಸ್ಸಿನಲ್ಲಿ, ನಾನು ಪೆಟ್ರೋಲು ಸುಟ್ಟುಕೊಂಡು. ಅಲ್ಲಿ ಗದ್ದೆಯವರ ಪ್ರಶ್ನೆಯೇ ಬೇರೆ. "ಏನಾತವ್ವಾ" ಹೋಗಿ "ಎಂತಾಯ್ತು ಮಾರಾಯ್ತಿ?" ಆಗಿತ್ತು. ಊರು ಎಷ್ಟು ಹಿಂದೆ ಉಳಿಯಿತೆಂದು ತಿಳಿಯಲು ಮೈಲಿಗಲ್ಲು ಬೇಕಾಗಿರಲಿಲ್ಲ. ಒಂದು ಏರಿನಲ್ಲಿ ನನ್ನ ಮೊಪೆಡ್ ಕೆಮ್ಮಿ ಸುಮ್ಮನಾಯಿತು. ಅವಳು ತಿರುವಿನಲ್ಲಿ ಮರೆಯಾದಳು. ಗಾಡಿ ತಳ್ಳುತ್ತ ಏದುಸಿರು ಬಿಡುತ್ತಿದ್ದಾಗ ಬೈಕಿನವನೊಬ್ಬ ನಿಲ್ಲಿಸಿದ.

"ಎಂತಾಯ್ತು ಅಜ್ಜ?"

"ಹುಡುಗಿ... ಓಡಿ ಹೋದಳು" ಅಂದೆ. ಬಾಯಿಗೆ ಬಂದದ್ದು ಅದೇ.

"ಅಯ್ಯೋ! ಯಾರ ಜೊತೆಗೆ?"

ಅವನ ಮುಖ ಥೇಟು ಅಂದಿನ ಬಸಣ್ಣನ ಮುಖ.

"ಒಬ್ಬಳೇ" ಅಂದೆ. "ಒಬ್ಬಳೇ ಕಣಪ್ಪ. ಉಳವಿಗೆ."

ಬಹಳ ಹೊತ್ತಾದ ಮೇಲೆ ಅವಳು ಉಳವಿ ಮುಟ್ಟಿ, ತಿರುಗಿ ಅದೇ ಏರಿಗೆ ಬಂದಳು. ಎಡಗೈ ಮುಷ್ಟಿಯಾಗಿತ್ತು. ನನ್ನನ್ನೂ ಗಾಡಿಯನ್ನೂ ನೋಡಿ, "ತಳ್ಳಲೇನ್ರೀ?" ಅಂದಳು. ಸೊರಬದ ಗ್ಯಾರೇಜಿನ ತನಕ ಅವಳು ತಳ್ಳಿದಳು, ನಾನು ಹ್ಯಾಂಡಲ್ ಹಿಡಿದೆ. ಹೋಟೆಲಿನಲ್ಲಿ, "ಓಡಿ ಬಂದಳು. ನಾನು ತಳ್ಳಿಸಿಕೊಂಡು ಬಂದೆ" ಎಂದು ವರದಿ ಕೊಟ್ಟೆ. ಮೂಲೆಯಲ್ಲಿ ಮೈಲಾರಪ್ಪ ಕೂತಿದ್ದ. "ಗಾಡಿ ಕೆಟ್ಟರೂ ಬಂದಳಲ್ರೀ" ಅಂದ. "ಇನ್ನ ಒಬ್ಬಳೇ ಹೋಗ್ಲಿ ಬಿಡ್ರೀ."

ಹಾಗಾಗಿ ಇವತ್ತು ನನಗೆ ಕೆಲಸವಿಲ್ಲ. ಆದರೂ ನಿಂಬೆ ಹಿಂಡಿ ಏರಿಯ ಹತ್ತಿರ ಹೋದೆ. ಅವಳು ಬಳ್ಳಿಗಾವಿಗೆ ಹೊರಟಿದ್ದಳು. ನಮ್ಮಲ್ಲಿ ಹೊರಡುವವರು ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತಾರೆ. ಇಷ್ಟು ಭಾನುವಾರಗಳಲ್ಲಿ ಅವಳು ನನಗೆ ಅದನ್ನೂ ಅಂದವಳಲ್ಲ. ಬೂಟಿನ ದಾರ ಬಿಗಿದು, ಅರ್ಧ ಬಾಟಲಿ ಕುಡಿದು ನನ್ನ ಕೈಗಿಟ್ಟಳು.

"ಉಳಿದದ್ದು ಇಟ್ಟಿರ್ರೀ ಅಜ್ಜಾರ. ಓಡಿ ಬರ್ತೀನಿ."

ಈಗ ಬಸಣ್ಣನ ಹೋಟೆಲಿನ ಅದೇ ಬೆಂಚಿನ ಮೇಲೆ ಕೂತಿದ್ದೇನೆ. ಅರ್ಧ ಬಾಟಲಿ ಪಕ್ಕದಲ್ಲಿದೆ.

"ಎಲ್ರೀ ನಿಮ್ಮ ಹುಡುಗಿ?" ಬಸಣ್ಣ ಕೇಳಿದ.

"ತಡಿಯೋ" ಅಂದೆ. "ಇವತ್ತು ಅವಳೇ ಬಂದು ಹೇಳ್ತಾಳ."