ಅಕ್ಕನಿಗೆ ವರಸೆ ತಪ್ಪಿದಾಗ

ನಾನು ಹೊಳೆನರಸೀಪುರದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ನಿವೃತ್ತಿಯಾದದ್ದು ಕೆಲಸಕ್ಕೇ ಹೊರತು ಬಾಯಿಗಲ್ಲ. ಎದುರಿಗೆ ಯಾರಾದರೂ ಕೆಮ್ಮಿದರೆ ಸಾಕು, ಶ್ವಾಸಕೋಶದಿಂದ ಪಾಠ ಶುರು ಮಾಡುತ್ತೇನೆ. ಹಳ್ಳಿಮೈಸೂರಿನಲ್ಲಿ ಮಗ ಸೊಸೆಯ ಜೊತೆ ಇರುವ ನಮ್ಮಕ್ಕ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಇಬ್ಬರಲ್ಲಿ ನಿಜವಾದ ವಿದುಷಿ ಅವಳೇ ಎಂದು ನಮ್ಮ ಬಳಗದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಅವಳಿಗೆ ವರಸೆ ಗೊತ್ತು. ವರಸೆ ಅಂದರೆ ಯಾರಿಗೆ ಯಾರು ಏನಾಗಬೇಕು ಅನ್ನುವುದು. ಅಕ್ಕತಂಗಿಯರ ಮಕ್ಕಳು ಅಣ್ಣತಂಗಿಯರಾದರು, ಅವರೊಳಗೆ ಮದುವೆಯ ಮಾತೇ ಇಲ್ಲ. ಅಣ್ಣನ ಮಗಳನ್ನು ತಂಗಿಯ ಮಗನಿಗೆ ತರಬಹುದು. ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಮೂರು ತಲೆಮಾರು ಹಿಂದಕ್ಕೆ ಹೋದಾಗಲೇ ದೊಡ್ಡ ದೊಡ್ಡವರು ತಬ್ಬಿಬ್ಬಾಗುವುದು. ಅಕ್ಕ ಮಾತ್ರ ಸೊಪ್ಪು ಸೋಸುತ್ತಲೇ, ತಲೆ ಎತ್ತದೆ, 'ಆ ಹೆಣ್ಣು ಈ ಹುಡುಗನಿಗೆ ಅತ್ತೆ ಆಗ್ತಾಳೆ, ಬ್ಯಾಡ' ಎಂದು ಹೇಳಿ ಮುಗಿಸುತ್ತಿದ್ದಳು. ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ನಮ್ಮವರು ಜಾತಕ ತೋರಿಸುವ ಮೊದಲು ಅವಳನ್ನು ಕೇಳಲು ಬರುತ್ತಿದ್ದರು.

ನನಗೆ ಅವಳು ಅಕ್ಕ ಎನ್ನುವುದು ಹೆಸರಿಗೆ. ಅವ್ವ ಹೋದಾಗ ನನಗೆ ಐದು ವರ್ಷ, ಅವಳಿಗೆ ಹದಿನಾರು. ಜಡೆ ಹಾಕಿದವಳು, ಹೊಡೆದವಳು, ಮದುವೆಯಾಗಿ ಹೊರಟಾಗ ನನ್ನನ್ನೂ ಕಟ್ಟಿಕೊಂಡು ಹೋಗಿ ಓದಿಸಿದವಳು ಅವಳು.

ಎರಡು ವರ್ಷದ ಹಿಂದೆ ಬಾಗೂರಿನಿಂದ ಒಂದು ಮನೆಯವರು ಬಂದರು. ಹುಡುಗನಿಗೆ ಅರಕಲಗೂಡು ಕಡೆಯ ಹೆಣ್ಣು ನೋಡಿದ್ದರು. ನಾನೂ ಅವತ್ತು ಅಲ್ಲೇ ಇದ್ದೆ. ಅಕ್ಕ ಎರಡೂ ಮನೆಯ ಹಿರೀಕರ ಹೆಸರು ಕೇಳಿದಳು, ಮತ್ತೆ ಕೇಳಿದಳು. ಆಮೇಲೆ "ಧಾರಾಳವಾಗಿ ಮಾಡ್ಕಳಿ" ಅಂದಳು. ಬಂದವರಲ್ಲಿ ಹಿರಿಯ ಒಬ್ಬರು ಕಾಫಿ ಲೋಟ ಕೆಳಗಿಟ್ಟರು.

"ಅಲ್ಲ ಕಣವ್ವ, ಆ ಹೆಣ್ಣಿನ ತಾಯಿ, ನಮ್ ಹುಡುಗನ ತಾಯಿ, ಇಬ್ರೂ ಅಕ್ಕತಂಗೀರ ಮಕ್ಳು ಅಂತ ನೀನೇ ಇಂದೆ ಒಂದ್ಸಲ ಏಳಿದ್ದೆ. ಅಂಗಾದ್ರೆ ಇವ್ರು ಅಣ್ಣತಂಗಿ ಆಗಾಕಿಲ್ವಾ?"

ಅಕ್ಕ ಅವರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟದಲ್ಲಿದ್ದ ಗಾಬರಿಯನ್ನು ನಾನು ಅವಳಲ್ಲಿ ಯಾವತ್ತೂ ಕಂಡಿರಲಿಲ್ಲ. ಬಂದವರು ಒಳ್ಳೆಯವರು, ಏನೂ ಅನ್ನದೆ ಕುಂಕುಮ ತೆಗೆದುಕೊಂಡು ಹೋದರು. ಅಕ್ಕ ಸಂಜೆಯವರೆಗೂ ಜಗಲಿ ಬಿಟ್ಟು ಏಳಲಿಲ್ಲ.

ಅಲ್ಲಿಂದ ಒಂದೊಂದೇ ಕಾಣತೊಡಗಿತು. ಸಾರಿಗೆ ಎರಡು ಸಲ ಉಪ್ಪು. ಹಿತ್ತಲಿಗೆ ಹೋಗಿ ಯಾಕೆ ಬಂದೆನೆಂದು ನಿಂತುಬಿಡುವುದು. ನಡಿಗೆಯೂ ತುಯ್ಯುತ್ತಿತ್ತು. "ಪಾದ ಜುಮುಜುಮು ಅಂತದೆ ಕಣೆ" ಅಂದಳು. ಸಕ್ಕರೆ ಕಾಯಿಲೆಯವರಿಗೆ ಅದು ಇದ್ದದ್ದೇ ಎಂದು ತಳ್ಳಿಹಾಕಿದೆ. ಯಾಕೆಂದರೆ ನಾನು ಅಷ್ಟರಲ್ಲಿ ಬೇರೆಯದೇ ತೀರ್ಮಾನಕ್ಕೆ ಬಂದಾಗಿತ್ತು.

ಹೋದ ಹೋದಲ್ಲಿ ಫೋನು ಹಿಡಿದು ಅಲ್ಜೈಮರ್ ಎಂಬ ಮರೆವಿನ ಕಾಯಿಲೆಯ ಬಗ್ಗೆ ಓದಿದೆ. ಮಿದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕೋಶಗಳಿವೆ; ನಾನು ಪಾಠ ಮಾಡುವ ಕಾಲಕ್ಕೆ ಪುಸ್ತಕದಲ್ಲಿ ಅವುಗಳಿಗೆ ಒಂದು ಸಾಲೂ ಸರಿಯಾಗಿ ಇರಲಿಲ್ಲ. ಮಿದುಳಿನ ಕಾವಲು, ಕಸ ತೆಗೆಯುವುದು ಎರಡೂ ಅವುಗಳದೇ ಕೆಲಸ. ಸತ್ತ ಕೋಶ, ಕೆಟ್ಟ ಪ್ರೋಟೀನು, ಸೋಂಕು, ಎಲ್ಲವನ್ನೂ ನುಂಗಿ ಚೊಕ್ಕಟ ಮಾಡುತ್ತವೆ. ವಯಸ್ಸಾದಂತೆ ಅವೂ ಸೋಲುತ್ತವೆ. ಕಸ ಅಲ್ಲಲ್ಲೇ ಗಂಟುಗಟ್ಟುತ್ತದೆ. ಕೆಲವು ಸಲ ಆ ಕೋಶಗಳೇ ರೇಗಿದವರಂತೆ ಅತಿಯಾಗಿ ಕೆಲಸ ಮಾಡಿ, ನರಕೋಶಗಳು ಒಂದನ್ನೊಂದು ಮುಟ್ಟುವ ಒಳ್ಳೆಯ ಜಾಗಗಳನ್ನೂ ತಿಂದುಬಿಡುತ್ತವಂತೆ. ನಮ್ಮ ಹೊಲದಲ್ಲಿ ಕಳೆ ಕೀಳಲು ಬಂದವರು ಸಿಟ್ಟಿನಲ್ಲಿ ರಾಗಿ ಪೈರನ್ನೂ ಕಿತ್ತರೆ ಹೇಗೋ ಹಾಗೆ. ಓದುತ್ತಾ ನನಗೆ ಭಯವೂ ಆಯಿತು, ನಿಜ ಹೇಳಬೇಕೆಂದರೆ ಒಂದು ಬಗೆಯ ಹುರುಪೂ ಬಂತು. ಹೊಸ ಪಾಠ ಸಿಕ್ಕಿತ್ತಲ್ಲ.

ಒಂದು ಮಧ್ಯಾಹ್ನ ಅಕ್ಕನ ಸೊಸೆಯನ್ನು ಕೂರಿಸಿಕೊಂಡು ಆ ಪಾಠವನ್ನು ಒಪ್ಪಿಸಿದೆ. ಅಕ್ಕ ಅಲ್ಲೇ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. "ಮೊದಲು ದೂರದ ನೆಂಟರು ಮರೆತುಹೋಗ್ತಾರೆ. ಆಮೇಲೆ ನೀನು. ಆಮೇಲೆ ಮಗ. ಕೊನೆಗೆ ನನ್ನನ್ನೂ ಯಾರು ಅಂತಾಳೆ. ಒಳಗೆ ಅವು ತಿಂತಾ ಹೋಗ್ತವೆ, ನಾವು ನೋಡ್ತಾ ಕೂರಬೇಕು ಅಷ್ಟೆ" ಅಂದೆ. ಹುಡುಗಿ ಬಿಕ್ಕಿದಳು. ಕಣ್ಣು ಮುಚ್ಚಿದವಳಿಗೆ ಕಿವಿಯಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಹಾಸನದಲ್ಲಿ ನರರೋಗದ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಕೂತ ತಕ್ಷಣ ಮೈಕ್ರೋಗ್ಲಿಯಾ ಎಂದು ಶುರು ಮಾಡಿದೆ. ಆಕೆ ಎರಡು ನಿಮಿಷ ಕೇಳಿ, "ಮೇಡಂ, ನೀವು ಹೇಳೋದು ಸರಿ. ಆದ್ರೆ ಅದು ಇವರ ವಿಷಯ ಅಂತ ಯಾರು ಹೇಳಿದ್ರು?" ಅಂದರು. ನನ್ನ ಮುಖ ಬಿಸಿಯಾಯಿತು. ಆಕೆ ಅಕ್ಕನ ನಾಲಿಗೆ ನೋಡಿದರು. ಕೆಂಪಗೆ ನುಣ್ಣಗಾಗಿತ್ತು. ಪಾದಕ್ಕೆ ಕಂಪಿಸುವ ಕಡ್ಡಿ ಒತ್ತಿದರು, ಅಕ್ಕನಿಗೆ ತಿಳಿಯಲಿಲ್ಲ.

"ಅಜ್ಜಿ, ಊಟ ಏನು?"

"ಮುದ್ದೆ, ಸೊಪ್ಪಿನ ಸಾರು."

"ಮೊಟ್ಟೆ, ಮಾಂಸ?"

"ಕಾಸಿಗೆ ಓಗ್ಬಂದ್ಮೇಲೆ ಮುಟ್ಟಿಲ್ಲ ತಾಯಿ."

"ಹಾಲು, ಮೊಸರು?"

ಅಕ್ಕ ಸೊಸೆಯ ಮುಖ ನೋಡಿದಳು. ಸೊಸೆ ಹೇಳಿದಳು. ಆರು ವರ್ಷದ ಹಿಂದೆ, ತೀರಿಹೋದ ಭಾವನ ಕಾರ್ಯ ಮಾಡಲು ಕಾಶಿಗೆ ಹೋಗಿದ್ದಾಗ, ಅಲ್ಲಿನ ಪದ್ಧತಿಯಂತೆ, ಇಷ್ಟವಾದ ಒಂದು ಪದಾರ್ಥ ಬಿಟ್ಟು ಬರಬೇಕಿತ್ತು. ಜೊತೆಯವರೆಲ್ಲ ಜಾಣರು, ಸೀಬೆಹಣ್ಣು, ಹಾಗಲಕಾಯಿ ಎಂದು ಬಿಟ್ಟು ಬಂದರು. ಅಕ್ಕ ಮೊಸರು ಬಿಟ್ಟಳು. ಮೊಸರಿಲ್ಲದೆ ಅವಳಿಗೆ ಎಂದೂ ಊಟ ಮುಗಿದದ್ದಿಲ್ಲ. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅಕ್ಕನೇ ಹೇಳಿದಳು.

"ಮೊಸರು ಬುಟ್ಮೇಲೆ ಆಲು ಎಂಗೆ ಕುಡಿಯಾದು? ಅದು ಮೊಸರಿಗೆ ತಾಯಿ ಅಲ್ವಾ? ಮಜ್ಜಿಗೆ, ಬೆಣ್ಣೆ ಅದ್ರ ಮಕ್ಳು. ತುಪ್ಪ ಮೊಮ್ಮಗ. ಒಬ್ರನ್ನ ಬುಟ್ಟು ಇನ್ನೊಬ್ರ ಮನೇಲಿ ಉಂಡ್ರೆ ದೇವ್ರು ಒಪ್ತಾನಾ?"

ಮೊಸರಿಗೂ ವರಸೆ ಹಿಡಿದು ಇಡೀ ವಂಶವನ್ನೇ ಬಿಟ್ಟಿದ್ದಳು ಮಹಾರಾಯಿತಿ! ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಆದರೆ ಬರೆಯುವ ಕೈ ನಿಲ್ಲಲಿಲ್ಲ. ರಕ್ತಪರೀಕ್ಷೆ, ಒಂದು ಸ್ಕ್ಯಾನು.

ಫಲಿತಾಂಶ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಮತ್ತೆ ಹೋದಾಗ ಆಕೆ ಕಾಗದವನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟರು. ವಿಟಮಿನ್ ಬಿ-12 ತಳ ಕಂಡಿತ್ತು. ಪ್ರಾಣಿಮೂಲದ ಆಹಾರ ಒಂದೂ ಇಲ್ಲ, ಮೇಲೆ ಎಷ್ಟೋ ವರ್ಷದಿಂದ ನುಂಗುತ್ತಿರುವ ಸಕ್ಕರೆ ಕಾಯಿಲೆಯ ಮಾತ್ರೆಯೂ ಅದನ್ನು ತಗ್ಗಿಸುತ್ತದೆ. ಮರೆವು, ಜುಮುಜುಮು, ತುಯ್ಯುವ ನಡಿಗೆ, ಎಲ್ಲಕ್ಕೂ ಅದು ಸಾಲುತ್ತದೆ. ಸ್ಕ್ಯಾನಿನಲ್ಲಿ ವಯಸ್ಸಿಗೆ ತಕ್ಕಷ್ಟು ಬದಲಾವಣೆ ಬಿಟ್ಟರೆ ಹೆದರುವಂಥದ್ದಿಲ್ಲ.

"ಅಲ್ಜೈಮರ್ ಅಲ್ವಾ?" ಅಂದೆ.

"ನನಗೆ ಹಾಗೆ ಕಾಣ್ತಿಲ್ಲ. ಇಂಜೆಕ್ಷನ್ ಕೊಡೋಣ, ಕೆಲವು ತಿಂಗಳು ನೋಡೋಣ. ಬಹಳಷ್ಟು ವಾಪಸ್ ಬರುತ್ತೆ."

ನಾಲ್ಕು ಜನರೆದುರು ಗಳಗಳ ಅತ್ತುಬಿಟ್ಟೆ. ಇಷ್ಟು ದಿನ ಬಿಗಿ ಹಿಡಿದದ್ದೆಲ್ಲ ಬಿಟ್ಟುಹೋಯಿತು. ನನ್ನ ಪಾಠ ಸುಳ್ಳಾದದ್ದಕ್ಕೆ ನಾನು ಬದುಕಿನಲ್ಲಿ ಸಂತೋಷಪಟ್ಟದ್ದು ಅದೊಂದೇ ಸಲ.

ಅಕ್ಕನಿಗೆ ಮಾತ್ರ ಬೇರೆ ಚಿಂತೆ. ಕಾರು ಮೊಸಳೆ ಎಂಬ ಊರಿನ ತಿರುವು ದಾಟುತ್ತಿದ್ದಂತೆ, "ಆ ಔಸ್ದೀಲಿ ಆಲಿನದು ಏನಾರ ಅದ್ಯಾ?" ಅಂದಳು. ಇಲ್ಲವೆಂದೆ. "ಇದ್ರೂ ಬಾಯಿಗೆ ಬೀಳಾಕಿಲ್ಲವಲ್ಲ, ಸೂಜೀಲಿ ಓದ್ರೆ ಏನಾಯ್ತದೆ" ಎಂದು ತಾನೇ ತೀರ್ಪು ಕೊಟ್ಟುಕೊಂಡಳು. ನಾನು ವಾದಕ್ಕೆ ಹೋಗಲಿಲ್ಲ. ಹರಕೆ ಉಳಿಯಲಿ, ಅಕ್ಕನೂ ಉಳಿಯಲಿ.

ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು ಇಂಜೆಕ್ಷನ್. ಊರಿನ ಆಸ್ಪತ್ರೆಯ ನರ್ಸಮ್ಮನ ವರಸೆಯನ್ನು ಅಕ್ಕ ಮೂರನೇ ವಾರಕ್ಕೇ ವಿಚಾರಿಸಿದಳೆಂದು ಸೊಸೆ ಫೋನು ಮಾಡಿದಳು. "ಚಿಕ್ಕತ್ತೆ, ಇವತ್ತು ಅತ್ತೆ ನಂಗೆ ಬೈದ್ರು. ಮೊದಲಿನ ಹಂಗೇ!" ಅನ್ನುವಾಗ ಅವಳ ದನಿಯಲ್ಲಿ ಹಬ್ಬವಿತ್ತು. ಎಲ್ಲವೂ ವಾಪಸು ಬರಲಿಲ್ಲ. ಪಾದದ ಜುಮುಜುಮು ಇನ್ನೂ ಸ್ವಲ್ಪ ಇದೆ, ಕನ್ನಡಕ ಹುಡುಕುವುದೂ ಇದೆ. ಅದು ನನಗೂ ಇದೆ. ನನ್ನ ತಲೆಯೊಳಗಿನ ಕಾವಲಿನವಕ್ಕೂ ವಯಸ್ಸಾಗಿರಬೇಕು, ಆಗಲಿ.

ಹೋದ ತಿಂಗಳು ಹಳ್ಳಿಮೈಸೂರಿಗೆ ಹೋದಾಗ ಬಾಗೂರಿನ ಅದೇ ಹಿರಿಯರು ಮತ್ತೆ ಬಂದಿದ್ದರು, ಹುಡುಗನಿಗೆ ಬೇರೆ ಹೆಣ್ಣು. ಅಕ್ಕ ನಾಲ್ಕು ತಲೆ ಹಿಂದಕ್ಕೆ ಹೋಗಿ, ಎರಡು ಕಡೆ ತಿರುಗಿ, ವರಸೆ ಸರಿಯಾಗಿ ಕೂರಿಸಿ ಕಳಿಸಿದಳು. ಅವರು ಅವಳ ಕಾಲಿಗೆ ನಮಸ್ಕಾರ ಮಾಡಿ ಹೋದರು. ನಾವಿಬ್ಬರೇ ಉಳಿದೆವು. ನನಗೆ ಖುಷಿ ತಡೆಯದೆ, ಎಂಥಾ ಗಂಡಾಂತರ ಕಳೆಯಿತಕ್ಕ ಎಂದು ಮತ್ತೆ ಪಾಠಕ್ಕೆ ಬಾಯಿ ತೆಗೆದೆ.

"ಸಾಕು ಸುಮ್ಕಿರು. ಅವತ್ತು ನೀನು ಏಳಿದ್ದೆಲ್ಲ ಕೇಳಿಸ್ಕಂಡಿವ್ನಿ. ತಲೆ ಒಳ್ಗೆ ಅವ್ಯಾವೋ ಅವೆ, ಒಬ್ಬೊಬ್ರನ್ನೇ ತಿಂತಾ ಓಯ್ತವೆ ಅಂದಲ್ಲ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ತಪ್ಪಾಯ್ತು ಕಣಕ್ಕ" ಅಂದೆ.

"ತಪ್ಪೇನ್ ಬುಡು. ನಾನೂ ದಿನಾ ಅವಕ್ಕೆ ಏಳ್ತಿದ್ದೆ. ತಿನ್ನಾದಾದ್ರೆ ಎಲ್ರನ್ನೂ ತಿನ್ಕಳಿ ಕಣ್ರಪ್ಪ, ಬೇಕಾದ್ರೆ ನಾನೆತ್ತ ಮಗನ್ನೂ ತಿನ್ಕಳಿ. ಆ ಮಗೀಗೆ ಅವ್ವ ಇಲ್ಲ, ಅವಳನ್ನ ಮಾತ್ರ ಮುಟ್ಬ್ಯಾಡಿ ಅಂತ."