ಹಗ್ಗ ಬಿಚ್ಚಿಸಿದ ಬುಧವಾರ

ಬಡಾವಣೆಗೆ ಪಾರ್ಕ್ ತಂದುಕೊಟ್ಟವಳು ನಾನು ಎಂದು ಸಿ.ವಿ. ರಾಮನ್ ನಗರದ ನಮ್ಮ ರಸ್ತೆಯವರು ಈಗಲೂ ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಕೇಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ತೊಂಬತ್ತರ ದಶಕದ ನಡುವೆ ಪಾಲಿಕೆಯವರು ಬಯಲು ಜಾಗ ಕೊಂಡು ಪಾರ್ಕ್ ಮಾಡಲು ಹೊರಟಿದ್ದರು. ನಮ್ಮ ಕಡೆ ಮೂರು ಜಾಗಗಳ ಪಟ್ಟಿ ಮಾಡಿದ್ದರು, ಕೊಳ್ಳುವುದು ಒಂದನ್ನೇ. ನಮ್ಮ ಮನೆಯ ಹಿಂದಿನ ಹಳೇ ರಾಗಿ ಹೊಲ ಅದರಲ್ಲಿ ಕೊನೆಯದು. ಹೊಲದ ಒಡೆಯರು ಮಾರಲು ತಯಾರಿದ್ದರು, ಅಪಾರ್ಟ್‌ಮೆಂಟ್ ಕಟ್ಟುವವರೂ ಬಂದು ಅಳತೆ ಹಿಡಿದು ಹೋಗಿದ್ದರು. ನಾನು ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ, ಮೇಲಾಗಿ ಹಟಮಾರಿ. ಕಚೇರಿಗೆ ಅಲೆದೂ ಅಲೆದೂ ಚಪ್ಪಲಿ ಸವೆಸಿದೆ. ಕೊನೆಗೆ ಅಲ್ಲಿನ ಇಂಜಿನಿಯರ್ ಒಳಗುಟ್ಟು ಹೇಳಿದರು: "ಯಾರೂ ಉಪಯೋಗಿಸ್ತಿಲ್ಲ ಅನ್ನೋ ಜಾಗಕ್ಕೇ ಮೊದಲ್ನೇ ನಂಬರ್, ಮೇಡಂ. ಯಾರಾದ್ರೂ ಇದ್ರೆ ತಕರಾರು, ಕೋರ್ಟು. ಬುಧವಾರ ನೋಡೋಕೆ ಬರ್ತೀವಿ."

ಅಲ್ಲಿ ಜನ ಇದ್ದರು. ನಮ್ಮ ಮನೆಯ ಬಟ್ಟೆ ಒಗೆಯುತ್ತಿದ್ದಾಕೆ ಮತ್ತು ಆಕೆಯ ಗಂಡ. ಹತ್ತಾರು ಮನೆಗಳ ಬಟ್ಟೆಯನ್ನು, ಒಡೆಯರ ಬಾಯಿಮಾತಿನ ಒಪ್ಪಿಗೆಯ ಮೇಲೆ, ವರ್ಷಗಟ್ಟಲೆ ಆ ಹೊಲದಲ್ಲೇ ಬಿದಿರು ಗಳು ನೆಟ್ಟು, ಹಗ್ಗ ಕಟ್ಟಿ ಒಣಗಿಸುತ್ತಿದ್ದರು. ಕ್ಲಿಪ್ಪಿಲ್ಲದೆ, ಹಗ್ಗದ ಎರಡು ಎಳೆಗಳ ಸಂದಿಗೆ ಸೀರೆಯ ತುದಿ ಸಿಕ್ಕಿಸುವ ಆಕೆಯ ಕೈಚಳಕವನ್ನು ಅಡುಗೆಮನೆ ಕಿಟಕಿಯಿಂದ ಎಷ್ಟೋ ಸಲ ನೋಡುತ್ತ ನಿಂತಿದ್ದೇನೆ.

ಮಂಗಳವಾರ ಆಕೆಯನ್ನು ಕರೆದೆ. "ನಾಳೆ ಒಂದಿನ ಹಗ್ಗ, ಗಳು ಎಲ್ಲಾ ತೆಗ್ದ್ಬಿಡಮ್ಮ. ಆಫೀಸಿನವ್ರು ಬರ್ತಾರೆ."

"ನಮ್ಗೇನೂ ತೊಂದ್ರೆ ಆಗಲ್ವಾಮ್ಮಾ?"

"ಇಲ್ಲ ಬಿಡು, ನಾನಿಲ್ವಾ?"

ಗಂಡಹೆಂಡತಿ ಗಳುಗಳನ್ನು ತಂದು ನಮ್ಮ ಕಾಂಪೌಂಡಿಗೇ ಒರಗಿಸಿದರು. ಚೆನ್ನಾಗಿ ಕಾಣಲಿ ಎಂದು ಆತ ಗುಂಡಿಗಳನ್ನೂ ಮುಚ್ಚಿದ. ಬುಧವಾರ ಬಂದ ಅಧಿಕಾರಿ, ಇಲ್ಲಿ ಯಾರಾದರೂ ಏನಾದರೂ ಮಾಡುತ್ತಾರಾ ಎಂದು ಕೇಳಿದರು. "ಇಲ್ಲ ಸಾರ್, ಖಾಲಿ ಬಿದ್ದಿದೆ" ಎಂದೆ. ಸಂಘದ ಪರವಾಗಿ ಹಾಗೆಂದೇ ಬರೆದು ಸಹಿ ಹಾಕಿದೆ. ನಮ್ಮ ಹೊಲ ಪಟ್ಟಿಯ ಮೇಲಕ್ಕೆ ಹೋಯಿತು.

ಅಪಾರ್ಟ್‌ಮೆಂಟ್ ಬಂದಿದ್ದರೂ ಆ ಗಂಡಹೆಂಡತಿಯ ಜಾಗ ಹೋಗುತ್ತಿತ್ತಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವೇ. ಆದರೆ ಆಗ ಹಗ್ಗ ಬಿಚ್ಚಿಸಿದ ಪಾಪ ನನ್ನದಾಗುತ್ತಿರಲಿಲ್ಲ.

ಬೇಲಿ ಬಂತು, ಗೇಟು ಬಂತು, ಹುಲ್ಲು ಬೆಳೆಯಿತು. ಆಕೆ ಮನೆಮನೆಯ ಟೆರೇಸ್ ಕೇಳುತ್ತ ಅಲೆದಳು. ಒದ್ದೆ ಬಟ್ಟೆಯ ಗಂಟು ಹೊತ್ತು ಮಹಡಿ ಹತ್ತಿ ಹತ್ತಿ ಗಂಡನ ಮಂಡಿ ಹೋಯಿತು. ಮಳೆಗಾಲದಲ್ಲಿ ಬಟ್ಟೆ ಮುಗ್ಗಲು ನಾತ ಹೊಡೆದು ಒಂದೊಂದೇ ಮನೆ ಕೈಬಿಟ್ಟಿತು. ಸಂಘದ ಸಭೆಯಲ್ಲಿ ಯಾರೋ "ಪಾಪ, ಆ ದೋಬಿಯವ್ರು ಈಗ ಎಲ್ಲಿ ಒಣಗ್ಸ್ತಾರೋ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಎಲ್ಲರಿಗಿಂತ ಮೊದಲು ನಾನೇ "ಅವ್ರಾಗೇ ಬಿಟ್ರು" ಎಂದುಬಿಟ್ಟೆ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಆಕೆ ಬಾಗಿಲಿಗೆ ಬಂದಳು. ಜಗಳಕ್ಕೆ ಬಂದಳು ಎಂದುಕೊಂಡೆ. ಜಗಳವಾಡಿದ್ದರೆ ಎಷ್ಟೋ ವಾಸಿ.

"ಅಮ್ಮಾ, ನಿಮ್ಗೆ ಆಫೀಸಲ್ಲಿ ಎಲ್ಲಾ ಗೊತ್ತು. ನಮ್ಗೂ ಒಂದು ಅರ್ಜಿ ಬರ್ಕೊಡಿ. ಬಟ್ಟೆ ಒಣಗಾಕೋಕೆ ಎಲ್ಲಾದ್ರೂ ಒಂದ್ ಚೂರು ಜಾಗ ಕೊಡ್ಲಿ. ಇಷ್ಟ್ ವರ್ಷ ಆ ಹೊಲದಲ್ಲೇ ಇದ್ವಿ ಅಂತ ಬರೀರಿ."

ಪೆನ್ನು ಹಿಡಿದು ಕೂತೆ. ಆ ಒಂದು ಸಾಲು ಇದ್ದರೆ ಅವರ ಕೇಳಿಕೆಗೆ ಬಲ ಬರುತ್ತಿತ್ತು. ಆದರೆ ಅದೇ ಕಚೇರಿಯಲ್ಲಿದ್ದ ನನ್ನ ಸಹಿಯ ಕಾಗದ ಸುಳ್ಳೆಂದು ಗೊತ್ತಾಗುತ್ತಿತ್ತು. ಬಡವರಿದ್ದಾರೆ, ದಯವಿಟ್ಟು ಜಾಗ ಒದಗಿಸಬೇಕು ಎಂದಷ್ಟೇ ಬರೆದೆ. ಹೊಲದ ಸುದ್ದಿ ಎತ್ತಲಿಲ್ಲ.

ಆಕೆಗೆ ಓದು ಬಾರದು. "ಹೊಲದ್ದೂ ಬರ್ದ್ರಾಮ್ಮಾ?" ಎಂದಳು.

"ಎಲ್ಲಾ ಬರ್ದಿದೀನಿ" ಎಂದೆ.

ಶಾಯಿಯ ಪ್ಯಾಡ್ ಹಿಡಿದೆ. ಆಕೆ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು, ನಾನು ತೋರಿಸಿದ ಕಡೆ ಒತ್ತಿದಳು.